ಗಂಡನ ಮತಕ್ಕೆ ಕಾವಲು

ಆ ಬೀದಿಗೆ ಇದ್ದದ್ದು ಒಂದೇ ಇಸ್ತ್ರಿ ಅಂಗಡಿ. ಗಂಡ ಹೆಂಡತಿ ಇಬ್ಬರೂ ಒಂದೇ ಮೇಜಿನ ಮುಂದೆ ನಿಂತು ಕೆಲಸ ಮಾಡುತ್ತಿದ್ದರು. ಅವನು ಇಸ್ತ್ರಿ ಪೆಟ್ಟಿಗೆ ಓಡಿಸುತ್ತಿದ್ದ. ಅವಳು ನೀರು ಚಿಮುಕಿಸಿ ಕೊಡುತ್ತಿದ್ದಳು, ಆದದ್ದನ್ನು ಮಡಿಚಿ ಇಡುತ್ತಿದ್ದಳು. ಜನ ಅವನನ್ನು ಇಸ್ತ್ರಿಯಣ್ಣ ಅಂದರು, ಅವಳನ್ನು ಇಸ್ತ್ರಿಯಕ್ಕ ಅಂದರು. ಇಪ್ಪತ್ತೆಂಟು ವರ್ಷ ಹೀಗೇ ನಡೆಯಿತು. ಒಂದು ಬೆಳಿಗ್ಗೆ ಅವನು ಯಾರದೋ ಬಿಳಿ ಅಂಗಿಯ ಮೇಲೆ ಪೆಟ್ಟಿಗೆ ಬಿಟ್ಟು ಕುಸಿದ. ಅವಳು ಮೊದಲು ಪೆಟ್ಟಿಗೆ ಎತ್ತಿದಳು. ಅಂಗಿ ಸುಡಲಿಲ್ಲ. ಅವನು ಏಳಲಿಲ್ಲ.

ಮೊದಲು ಪೆಟ್ಟಿಗೆ ಎತ್ತಿದ್ದಕ್ಕೆ ಅವಳಿಗೆ ಇನ್ನೂ ನಾಚಿಕೆ. ಆದರೆ ಅವನಿಗೆ ಬಾಯಿ ಬರುವಂತಿದ್ದರೆ ಅವನೂ ಅದನ್ನೇ ಹೇಳುತ್ತಿದ್ದ. "ಪೆಟ್ಟಿಗೆ ಎತ್ತೇ ಮೊದಲು, ಊರೋರ ಅಂಗಿ."

ಅವನಿಗೆ ಕುಡಿತ ಇರಲಿಲ್ಲ, ಇಸ್ಪೀಟು ಇರಲಿಲ್ಲ. ಇದ್ದದ್ದು ಒಂದೇ ಹುಚ್ಚು. ಚುನಾವಣೆ ಬಂದರೆ ಬೀದಿಯವರೆಲ್ಲ ಮತ ಹಾಕಬೇಕು. ಯಾರಿಗೆ ಅಂತ ಅವನು ಹೇಳುತ್ತಿರಲಿಲ್ಲ. ಕೇಳಿದರೆ ಬೈಯುತ್ತಿದ್ದ. ಹಾಕಬೇಕು, ಅಷ್ಟೇ. ಮತದ ದಿನ ಅಂಗಡಿ ಬಾಗಿಲಿಗೆ ಅಡ್ಡ ನಿಲ್ಲುತ್ತಿದ್ದ. ಬಟ್ಟೆ ಕೇಳಲು ಬಂದವರಿಗೆ ಒಂದೇ ಮಾತು.

"ಬೆರಳು ತೋರಿಸಿ."

ಬೆರಳಿಗೆ ಶಾಯಿ ಇದ್ದರೆ ಬಟ್ಟೆ ಸಿಕ್ಕಿತು. ಇಲ್ಲದಿದ್ದರೆ ಇಲ್ಲ. ಒಂದು ಸಲ ಕಚೇರಿಯ ಗುಮಾಸ್ತನೊಬ್ಬ ಕುಣಿದಾಡಿದ.

"ಇರೋದೊಂದು ಪ್ಯಾಂಟು ನಿನ್ನ ಹತ್ರ ಇದೆ ಕಣಯ್ಯ. ನಾನು ಹೇಗೆ ಮತಗಟ್ಟೆಗೆ ಹೋಗ್ಲಿ?"

"ಟವೆಲ್ ಸುತ್ಕೊಂಡು ಹೋಗಿ ಸಾರ್. ಅಲ್ಲಿ ಬೆರಳು ಮಾತ್ರ ನೋಡ್ತಾರೆ."

ಹೋದ. ಟವೆಲ್ಲಿನಲ್ಲೇ ಹೋದ. ಸಾಲಿನಲ್ಲಿ ನಿಂತವರು ಅವನನ್ನು ಮುಂದಕ್ಕೆ ಬಿಟ್ಟರು, ಬೇಗ ಮನೆಗೆ ಹೋಗಲಿ ಅಂತ.

ಬರೀ ಹಾಕಿ ಅಂದರೆ ಸಾಲದು, ಹಾಕಲು ಕಲಿಸಬೇಕು. ಹಿಂದಿನ ದಿನ ಸಂಜೆ ಇಸ್ತ್ರಿಯಣ್ಣ ಹಳೇ ಪತ್ರಿಕೆ ಹರಿದು ಮತಪತ್ರ ಮಾಡಿ, ಮೇಜಿನ ಸುತ್ತ ಜನ ಸೇರಿಸಿ ಮಡಿಚಲು ಕಲಿಸುತ್ತಿದ್ದ. ಮುದ್ರೆ ಒತ್ತಿದ ಶಾಯಿ ಹಸಿ ಇರುತ್ತದೆ. ಅಡ್ಡಕ್ಕೆ ಮಡಿಚಿದರೆ ಕೆಳಗಿನವನ ಗುರುತಿಗೂ ಅಂಟುತ್ತದೆ. ಮತ ಕೆಟ್ಟಿತು. ಅದಕ್ಕೆ ಮೊದಲು ಉದ್ದಕ್ಕೆ ಮಡಿಚಬೇಕು, ಆಮೇಲೆ ಅಡ್ಡಕ್ಕೆ. ಪ್ಯಾಂಟು ಮಡಿಚುವ ಹಾಗೆ.

"ಅಂಗಿ ಮಡಿಕೆ ಅಲ್ಲ, ಪ್ಯಾಂಟಿನ ಮಡಿಕೆ. ಎಲ್ಲಿ, ಎಲ್ರೂ ಒಂದ್ಸಲ ಹೇಳಿ."

ದೊಡ್ಡವರೆಲ್ಲ ಶಾಲೆಯ ಮಕ್ಕಳ ಹಾಗೆ ಹೇಳುತ್ತಿದ್ದರು, ಪ್ಯಾಂಟಿನ ಮಡಿಕೆ. ಆ ಮತಗಟ್ಟೆಯಲ್ಲಿ ಕಳೆದ ಸಲ ಕೆಟ್ಟ ಮತ ಬರೀ ಎರಡು. ಒಂದು ಶಾಲೆಯ ಮೇಷ್ಟರದ್ದೇ ಇರಬೇಕು ಅಂತ ಇಸ್ತ್ರಿಯಣ್ಣನ ಗುಮಾನಿ. ಅವರು ಓದಿದವರು, ಹೇಳಿಕೊಟ್ಟದ್ದು ಕಿವಿಗೆ ಹೋಗುವುದಿಲ್ಲ.

ಬೀದಿಯಲ್ಲಿ ಅವನ ಕೈಗೆ ಸಿಗದವನು ಒಬ್ಬನೇ. ಪಕ್ಕದ ಮನೆಯ ಗಡಿಯಾರ ರಿಪೇರಿಯವನು. ಹುಟ್ಟಿದಾಗಿನಿಂದ ಮತ ಹಾಕಿದವನಲ್ಲ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುತ್ತಾರಲ್ಲ, ಆ ಜೋಡಿ. ದಿನಾ ಒಟ್ಟಿಗೆ ಚಹಾ, ದಿನಾ ಜಗಳ.

"ಯಾರು ಗೆದ್ರೇನೋ ಇಸ್ತ್ರಿ, ಗಡಿಯಾರ ನಡೆಯೋ ಹಾಗೇ ನಡೆಯುತ್ತೆ."

"ನಡೆಯುತ್ತೆ. ಯಾರಾದ್ರೂ ಕೀಲಿ ಕೊಟ್ರೆ."

ಐದು ವರ್ಷದ ಕೆಳಗೆ, ಕಳೆದ ಚುನಾವಣೆಯ ದಿನ, ಗಡಿಯಾರದವನ ಕೋಟು ಇಸ್ತ್ರಿಗೆ ಬಂದಿತ್ತು. ಕೇಳಲು ಬಂದ. ಇಸ್ತ್ರಿಯಣ್ಣ ಬೆರಳು ತೋರಿಸು ಅಂದ. ಅವನು ತೋರಿಸಿದ, ಬೇರೆ ಬೆರಳು. ಕೋಟು ಮೊಳೆಗೆ ಏರಿತು. ಅವನೂ ಮತ್ತೆ ಕೇಳಲಿಲ್ಲ, ಇವನೂ ಕೊಡಲಿಲ್ಲ. ತನ್ನ ಅಣ್ಣನ ಮಗಳ ಮದುವೆಗೆ ಗಡಿಯಾರದವನು ಮಂಡೆ ಸುಡುವ ಬಿಸಿಲಿನಲ್ಲಿ ಸ್ವೆಟರ್ ಹಾಕಿಕೊಂಡು ಹೋದ. ಇಸ್ತ್ರಿಯಣ್ಣ ಮಾತ್ರ ತಿಂಗಳಿಗೊಂದು ಸಲ ಕೋಟು ಇಳಿಸಿ, ಧೂಳು ಒದರಿ, ಹೊಸದಾಗಿ ಇಸ್ತ್ರಿ ಮಾಡಿ ಮತ್ತೆ ಮೊಳೆಗೆ ಹಾಕುತ್ತಿದ್ದ. ಹೆಂಡತಿ ಕೇಳಿದಳು, ಯಾಕ್ರೀ ಈ ಹಟ? "ಅವನು ಇವತ್ತೇ ಬಂದ್ರೆ? ಸುಕ್ಕಾದ ಕೋಟು ಕೊಡಕ್ಕಾಗುತ್ತಾ?" ಅಂದ.

ಸತ್ತ ಮೇಲೆ ಆ ಕೆಲಸ ಅವಳಿಗೆ ಬಂತು.

ಇನ್ನೊಂದು ಕೆಲಸವೂ ಬಂತು, ಅದು ಅವಳ ಕೈಯಲ್ಲಿ ಆಗಲಿಲ್ಲ. ಸತ್ತರು ಅಂತ ಹೇಳುವುದು. ಬೀದಿಯವರಿಗೆ ಹೇಳಬೇಕಾಗಿರಲಿಲ್ಲ, ಅವರೇ ಹೊತ್ತವರು. ಬೇರೆ ಬೀದಿಯ ಗಿರಾಕಿ ಬಂದು "ಇಸ್ತ್ರಿಯಣ್ಣ ಇಲ್ವಾ?" ಅಂತ ಕೇಳಿದರೆ, "ಹೊರಗೆ ಹೋಗಿದಾರೆ" ಅಂದುಬಿಡುತ್ತಿದ್ದಳು. ಅಂದು, ತಿರುಗಿ ಪೆಟ್ಟಿಗೆಯ ಕೆಂಡ ಊದುತ್ತಿದ್ದಳು.

ಹೀಗಿರುವಾಗ ಮತದಾರರ ಪಟ್ಟಿ ಹಿಡಿದು ಒಬ್ಬ ಹೆಂಗಸು ಬಂದಳು. ಈ ಭಾಗಕ್ಕೆ ಹೊಸಬಳು. ಬಾಗಿಲಲ್ಲೇ ನಿಂತು ಹೆಸರು ಓದಿದಳು. ಇಸ್ತ್ರಿಯಣ್ಣನ ಹೆಸರು ಓದಿ, ತಲೆಯೆತ್ತದೆ ಕೇಳಿದಳು.

"ಇದಾರಾ?"

ಇಸ್ತ್ರಿಯಕ್ಕ ಆ ಹೆಂಗಸಿನ ಕೈಲಿದ್ದ ಕೆಂಪು ಪೆನ್ನು ನೋಡಿದಳು. ಇಲ್ಲ ಅಂದರೆ ಆ ಪೆನ್ನು ಅವನ ಹೆಸರಿನ ಮೇಲೆ ಹೋಗುತ್ತದೆ. ನಿಂತಲ್ಲೇ, ಬೀದಿಯಲ್ಲೇ.

"ಇದಾರೆ" ಅಂದಳು.

ಹೆಂಗಸು ಒಂದು ಗುರುತು ಹಾಕಿ ಮುಂದಿನ ಮನೆಗೆ ಹೋದಳು.

ಎರಡು ತಿಂಗಳಾದ ಮೇಲೆ, ಮತದ ಹಿಂದಿನ ದಿನ, ಅದೇ ಹೆಂಗಸು ಮತದ ಚೀಟಿ ತಂದುಕೊಟ್ಟಳು. ಎರಡು ಚೀಟಿ. ನಾನೂರ ಹನ್ನೊಂದು ಅವನದು, ನಾನೂರ ಹನ್ನೆರಡು ಅವಳದು. ಅವನ ಹೆಸರು ಅಚ್ಚಾಗಿತ್ತು. ಇಸ್ತ್ರಿಯಕ್ಕನಿಗೆ ಓದು ಅಷ್ಟಕ್ಕಷ್ಟೆ. ಆ ಹೆಸರು ಮಾತ್ರ ದೂರದಿಂದಲೂ ಓದುತ್ತಿದ್ದಳು. ಎರಡೂ ಚೀಟಿಯನ್ನು ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು, ಸುಕ್ಕು ಕಂಡಿತೆಂದು ಹದ ಬಿಸಿಯ ಪೆಟ್ಟಿಗೆ ಆಡಿಸಿದಳು.

ಆಗ ಗಡಿಯಾರದವನು ಬಂದ. ಅವನ ಚೀಟಿಯ ನಂಬರ್ ನಾನೂರ ಹತ್ತು, ಆದರೆ ಅದನ್ನು ಅವನು ತೋರಿಸಲಿಲ್ಲ. ಮೇಜಿನ ಮೇಲಿದ್ದ ನಾನೂರ ಹನ್ನೊಂದನ್ನು ನೋಡಿದ. ತುಂಬ ಹೊತ್ತು ನೋಡಿದ. ಕೈ ಚಾಚಿ ಒಂದು ಸಲ ಮುಟ್ಟಿದ. ಕೋಟಿನ ಕಡೆ ನೋಡಿದ. ಏನೂ ಮಾತಾಡದೆ ಹೋದ. ಬಾಯಿ ಬಿಟ್ಟರೆ ಮುಚ್ಚದ ಮನುಷ್ಯ ಮಾತಾಡದೆ ಹೋದದ್ದು ಇಸ್ತ್ರಿಯಕ್ಕನಿಗೆ ಸರಿಬರಲಿಲ್ಲ.

ಸಂಜೆ ನಾದಿನಿ ಬಂದಳು. ಸತ್ತವನ ತಂಗಿ. ಅಣ್ಣನ ಚೀಟಿ ನೋಡಿ ಮೊದಲು ಅತ್ತಳು. ಮೂಗು ಒರೆಸಿಕೊಂಡು ಎರಡನೇ ಮಾತಿಗೆ ಬೆಂಕಿ ಹಚ್ಚಿದಳು.

"ಅತ್ತಿಗೆ, ಹೆಸರು ತೆಗೆಸ್ಲಿಲ್ವಾ? ಯಾರಾದ್ರೂ ಒತ್ತಿಬಿಡ್ತಾರೆ!"

"ಯಾರು ಒತ್ತೋದು? ಅವರ ಮತ."

"ನಿಮಗೇನು ಗೊತ್ತು. ನಮ್ಮತ್ತೆ ಸತ್ತ ಮೇಲೆ ಎರಡು ಸಲ ಮತ ಹಾಕಿದಾರೆ. ಬದುಕಿದ್ದಾಗ ಹಾಸಿಗೆ ಬಿಟ್ಟು ಎದ್ದೋರಲ್ಲ. ಪಟ್ಟಿ ನೋಡಿ ಹೊಂಚು ಹಾಕ್ತಾರೆ ಅತ್ತಿಗೆ. ಹೊರಗಿನೋರಲ್ಲ, ಗೊತ್ತಿರೋರೇ."

ಇಸ್ತ್ರಿಯಕ್ಕನ ಕೈ ನಿಂತಿತು. ಗೊತ್ತಿರುವವರು. ಚೀಟಿ ಮುಟ್ಟಿ ನೋಡಿದವರು.

ಆ ಮತ ಏನು ಅಂತ ಅವಳಿಗೇ ಗೊತ್ತಿರಲಿಲ್ಲ. ಅವನ ಒಳಬನಿಯನಿನ ತೂತು ಎಷ್ಟು ಅಂತ ಗೊತ್ತಿತ್ತು. ಯಾವ ಹಲ್ಲು ನೋಯುತ್ತದೆ ಅಂತ ಗೊತ್ತಿತ್ತು. ಯಾರಿಗೆ ಹಾಕುತ್ತಾನೆ ಅಂತ ಇಪ್ಪತ್ತೆಂಟು ವರ್ಷದಲ್ಲಿ ಒಂದು ಸಲವೂ ಹೇಳಿರಲಿಲ್ಲ. ಇವಳೂ ಹೇಳಿರಲಿಲ್ಲ. ಹೆಂಡತಿಗೆ ಹೇಳದ್ದನ್ನು ಯಾವನೋ ಬಂದು ಟಪ್ಪನೆ ಒತ್ತಿ ಹೋಗುವುದು ಅಂದರೆ? ಅಡ್ಡಕ್ಕೆ ಬೇರೆ ಮಡಿಚುತ್ತಾನೆ!

"ನಾಳೆ ಅಂಗಡಿ ನೀನು ನೋಡ್ಕೋ" ಅಂದಳು ನಾದಿನಿಗೆ. "ಬೆರಳು ನೋಡದೆ ಒಂದು ಕರ್ಚೀಫೂ ಕೊಡಬೇಡ. ನಾನು ಮತಗಟ್ಟೆ ಹತ್ರಾನೇ ಕಾಯ್ತೀನಿ."

ಮತಗಟ್ಟೆ ಶಾಲೆಯಲ್ಲಿತ್ತು. ಬಾಗಿಲು ತೆಗೆಯುವ ಮೊದಲೇ ಇಸ್ತ್ರಿಯಕ್ಕ ಅಲ್ಲಿದ್ದಳು. ಹೆಂಗಸರ ಸಾಲು ಒಂದು, ಗಂಡಸರ ಸಾಲು ಒಂದು. ಕೋಣೆಯೊಳಗೆ ಗುಮಾಸ್ತನೊಬ್ಬ ಚೀಟಿ ನೋಡಿ ನಂಬರು ಕೂಗುತ್ತಿದ್ದ. ಬಾಗಿಲ ಹತ್ತಿರ ನಿಂತರೆ ಕೇಳುತ್ತಿತ್ತು. ನಾನೂರ ಹನ್ನೊಂದು ಅಂತ ಕೂಗಿದ ಕೂಡಲೇ ಹಿಡಿಯಬೇಕು. ಆದರೆ ಒಂದು ತೊಡಕು. ಸಾಲು ಮುಂದೆ ಹೋಗುತ್ತದೆ. ತನ್ನ ಮತ ಹಾಕಿದರೆ ಮನೆಗೆ ಕಳಿಸುತ್ತಾರೆ.

ಅದಕ್ಕೆ ಅವಳು ಬಾಗಿಲ ತನಕ ಬರುವುದು, ಹಿಂದಿನವಳಿಗೆ "ನೀವು ಹೋಗಿ ತಾಯಿ" ಅನ್ನುವುದು, ಮತ್ತೆ ಸಾಲಿನ ಕೊನೆಗೆ ಹೋಗುವುದು. ಮೊದಲ ಸಲ ಜನ ಒಳ್ಳೆಯವಳು ಅಂದರು. ಮೂರನೇ ಸಲ ಸಾಲಿನಲ್ಲಿದ್ದ ಮುದುಕಿಯೊಬ್ಬಳು, "ಪಾಪ, ಯಾರಿಗೆ ಹಾಕೋದು ಅಂತ ಇನ್ನೂ ತಿಳೀದಿಲ್ಲ ಅನ್ಸುತ್ತೆ" ಅಂದಳು. ಐದನೇ ಸಲ ಪೊಲೀಸಿನವನು ಬಂದ.

"ಏನಮ್ಮಾ, ಬೆಳಗಿಂದ ನೋಡ್ತಿದೀನಿ. ಎಷ್ಟು ಸಲ ಹಾಕ್ತೀಯ?"

"ಒಂದೂ ಹಾಕಿಲ್ಲ ಸ್ವಾಮಿ." ಹತ್ತು ಬೆರಳನ್ನೂ ಅಗಲಿಸಿ ತೋರಿಸಿದಳು. ಇಸ್ತ್ರಿಯವರ ಬೆರಳು. ಸುಟ್ಟ ಗುರುತು ಬಿಟ್ಟರೆ ಬೇರೆ ಕಲೆ ಇರಲಿಲ್ಲ.

"ಮತ್ತೆ ಹಾಕಿ ಹೋಗಬಾರದಾ?"

"ಹಾಕ್ತೀನಿ. ಆತುರ ಏನಿದೆ?"

ಪೊಲೀಸಿನವನಿಗೆ ಇದಕ್ಕೆ ಯಾವ ಕಾನೂನು ಅಂತ ಗೊತ್ತಾಗಲಿಲ್ಲ. ಆತುರ ಇಲ್ಲದಿರುವುದು ಅಪರಾಧವಲ್ಲ. ತಲೆ ಕೆರೆದುಕೊಂಡು ಹೋದ.

ಮಧ್ಯಾಹ್ನವಾಯಿತು. ಕಾಲು ನೋಯಲಿಲ್ಲ, ನಿಂತೇ ಬದುಕಿದವಳು. ಆರನೇ ಸಲ ಬಾಗಿಲ ಹತ್ತಿರ ಬಂದಾಗ ಗಂಡಸರ ಸಾಲಿನ ಕಡೆ ನೋಡಿದಳು. ಬಾಗಿಲಲ್ಲಿ ಗಡಿಯಾರದವನು ನಿಂತಿದ್ದ.

ಹುಟ್ಟಿದಾಗಿನಿಂದ ಮತ ಹಾಕದವನು! ಕೋಟು ಬಿಟ್ಟನೇ ಹೊರತು ಮತ ಹಾಕದವನು! ತಲೆ ಬಾಚಿದ್ದ. ಮುಖ ತಗ್ಗಿಸಿದ್ದ. ಕಳ್ಳನ ನಿಲುವೇ. ಇವಳು ನೋಡುತ್ತಿದ್ದಂತೆ ಒಳಗೆ ಹೋಗಿ ಜೇಬಿನಿಂದ ಚೀಟಿ ತೆಗೆದ.

ಇಸ್ತ್ರಿಯಕ್ಕ ಸಾಲು ಮುರಿದು ನುಗ್ಗಿದಳು.

"ಹಿಡೀರಿ ಅವನನ್ನ! ಅದು ನಮ್ಮವರ ಮತ! ಮುಟ್ಟಬೇಡ! ಒಟ್ಟಿಗೆ ಚಹಾ ಕುಡಿದ ಮನುಷ್ಯ ನೀನು, ನಾಚಿಕೆ ಆಗಲ್ವಾ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಸಾಲಿನಲ್ಲಿದ್ದ ಇನ್ನೂ ಇಬ್ಬರು ಗಂಡಸರು ತಮ್ಮ ಚೀಟಿ ತೆಗೆದು ಹೆಸರು ನೋಡಿಕೊಂಡರು. ಮತಗಟ್ಟೆಯ ಅಧಿಕಾರಿ ಕನ್ನಡಕ ಹಣೆಗೇರಿಸಿ ಎದ್ದು ನಿಂತರು.

"ಏನಮ್ಮ ಇದು ಗಲಾಟೆ? ಯಾರ ಮತ?"

"ನಮ್ಮ ಮನೆಯೋರದು. ನಾನೂರ ಹನ್ನೊಂದು."

ಅಧಿಕಾರಿ ಪಟ್ಟಿ ತಿರುವಿದರು. "ಇದೆ. ಇನ್ನೂ ಯಾರೂ ಹಾಕಿಲ್ಲ. ನಿಮ್ಮವರನ್ನೇ ಕರ್ಕೊಂಡು ಬನ್ನಿ, ಈಗಲೇ ಹಾಕಲಿ. ಎಲ್ಲಿದಾರೆ?"

ಹೊರಗೆ ಹೋಗಿದಾರೆ ಅನ್ನಬೇಕೆಂದು ಬಾಯಿ ತೆರೆದಳು. ಹಾಗಂದರೆ ಸಂಜೆಯ ತನಕ ಆ ಹೆಸರು ಬಾಗಿಲು ತೆರೆದ ಮನೆಯ ಹಾಗೆ ಬಿದ್ದಿರುತ್ತದೆ. ಯಾರು ಬೇಕಾದರೂ ನುಗ್ಗಬಹುದು. ಎಲ್ಲರೂ ಅವಳ ಮುಖವನ್ನೇ ನೋಡುತ್ತಿದ್ದರು. ಗಡಿಯಾರದವನು ನೆಲ ನೋಡುತ್ತಿದ್ದ.

"ಸತ್ತಿದಾರೆ" ಅಂದಳು.

ಅಧಿಕಾರಿ ಪಟ್ಟಿಯಿಂದ ತಲೆಯೆತ್ತಿದರು.

"ನಾಲ್ಕು ತಿಂಗಳಾಯ್ತು ಸ್ವಾಮಿ. ಬೆಳಿಗ್ಗೆ ಹೊತ್ತು. ಪೆಟ್ಟಿಗೆ ಕೈಯಲ್ಲಿತ್ತು."

ಅಧಿಕಾರಿ ಕನ್ನಡಕ ಇಳಿಸಿದರು. "ಪಟ್ಟಿಯಲ್ಲಿ ಇದಾರೆ ಅಂತಿದೆಯಲ್ಲಮ್ಮ. ಮನೆಗೆ ಬಂದು ಕೇಳಿದಾರೆ."

"ನಾನೇ ಇದಾರೆ ಅಂದೆ. ಆ ಯಮ್ಮನ ತಪ್ಪಲ್ಲ. ಬಾಯಿಗೆ ಬರ್ಲಿಲ್ಲ."

ಅಧಿಕಾರಿ ಪಟ್ಟಿಯ ಆ ಹಾಳೆಯನ್ನು ಮುಂದಕ್ಕೆಳೆದುಕೊಂಡರು. ಆಮೇಲೆ, ಇದನ್ನು ಬರೆದು ಮೇಲಕ್ಕೆ ಕಳಿಸುತ್ತೇನೆ, ಈಗ ನನ್ನ ಪ್ರತಿಯಲ್ಲಿ ಗೆರೆ ಎಳೆದು ಮೃತ ಅಂತ ಬರೆಯುತ್ತೇನೆ, ಇನ್ನು ಯಾರೂ ಹಾಕಲಾಗದು ಅಂತ ಹೇಳಿ ಪೆನ್ನು ತೆಗೆದರು.

"ನಿಲ್ಲಿ ಸ್ವಾಮಿ. ಕೈಯಲ್ಲಿ ಎಳೆಯಬೇಡಿ."

"ಮತ್ತೆ?"

"ಸೊಟ್ಟ ಆಗುತ್ತೆ. ಅವರಿಗೆ ಸೊಟ್ಟ ಗೆರೆ ಕಂಡ್ರೆ ಆಗ್ತಿರ್ಲಿಲ್ಲ. ಒಂದು ಪ್ಯಾಂಟಿಗೆ ಮೂರು ಸಲ ನೀರು ಹಾಕ್ಸೋರು."

ಶಾಲೆ ತಾನೆ. ಮೇಷ್ಟರ ಮೇಜಿನ ಖಾನೆಯಲ್ಲಿ ಮರದ ಅಡಿಪಟ್ಟಿ ಇತ್ತು. ಪೊಲೀಸಿನವನೇ ಹುಡುಕಿ ತಂದುಕೊಟ್ಟ. ಅಧಿಕಾರಿ ಅಡಿಪಟ್ಟಿ ಇಟ್ಟು, ನಾಲಿಗೆಯನ್ನು ಹಲ್ಲಲ್ಲಿ ಕಚ್ಚಿ, ನೇರ ಗೆರೆ ಎಳೆದರು. ಇಸ್ತ್ರಿಯಕ್ಕ ಬಗ್ಗಿ ನೋಡಿದಳು. ತಲೆಯಾಡಿಸಿದಳು. ಗೆರೆ ಚೆನ್ನಾಗಿತ್ತು.

ಆಗ ಗಡಿಯಾರದವನು ತನ್ನ ಚೀಟಿ ಅವಳ ಮುಂದೆ ಹಿಡಿದ. ನಾನೂರ ಹತ್ತು.

"ನನ್ನದೇ, ತಂಗಿ. ನನ್ನ ಮತ ಹಾಕೋಕೆ ಬಂದೆ."

ಇಸ್ತ್ರಿಯಕ್ಕನಿಗೆ ಉಗುಳಲೂ ಆಗದು ನುಂಗಲೂ ಆಗದು. "ಯಾಕೆ?" ಅಂದಳು.

"ಯಾಕೆ ಅಂದ್ರೆ? ನಿನ್ನೆ ಅವನ ಚೀಟಿ ನೋಡ್ದೆ. ಸತ್ತವನ ಮತ ರೆಡಿ ಇದೆ, ಬದುಕಿರೋ ನನ್ನ ಚೀಟಿ ರಿಪೇರಿ ಡಬ್ಬದಲ್ಲಿ ಬಿದ್ದಿದೆ. ಅವನು ಗೆದ್ದ ಹಾಗಾಯ್ತಲ್ಲ. ಸತ್ತೂ ಗೆಲ್ಲೋದು ಅಂದ್ರೆ?" ದನಿ ತಗ್ಗಿಸಿದ. "ಈಗ ಒಂದು ಕಷ್ಟ. ಅವನು ಮಡಿಚೋದು ಹೇಳಿಕೊಡ್ತಿದ್ದಾಗೆಲ್ಲ ನಾನು ಬೇಕಂತಲೇ ಕಿವಿ ಮುಚ್ಕೊಂಡಿದ್ದೆ. ಹೇಗೆ ಅದು?"

"ಪ್ಯಾಂಟು" ಅಂದಳು ಇಸ್ತ್ರಿಯಕ್ಕ. "ಪ್ಯಾಂಟು, ಮರೀಬೇಡಿ."

"ಏಯ್! ಒಳಗೆ ಪ್ರಚಾರ ಮಾಡೋ ಹಾಗಿಲ್ಲ!" ಅಧಿಕಾರಿ ಮತ್ತೆ ಎದ್ದರು. ಗುಮಾಸ್ತನ ಕಡೆ ತಿರುಗಿದರು. "ನೋಡ್ರಿ ಬೇಗ, ಪ್ಯಾಂಟು ಯಾರ ಗುರುತು?"

ಗುಮಾಸ್ತ ಬೆರಳಿಟ್ಟು ಮತಪತ್ರದ ಗುರುತುಗಳನ್ನು ಮೇಲಿನಿಂದ ಕೆಳಗೆ ಹುಡುಕಿದ. ಏಣಿ ಇತ್ತು, ಕೊಡೆ ಇತ್ತು, ಬಕೆಟ್ಟು ಇತ್ತು. ಪ್ಯಾಂಟು ಇರಲಿಲ್ಲ. ಸಾಲಿನಲ್ಲಿದ್ದ ಬೀದಿಯವರೆಲ್ಲ ಒಟ್ಟಿಗೆ ಹೇಳಿದರು.

"ಮಡಿಕೆ ಸ್ವಾಮಿ! ಪ್ಯಾಂಟಿನ ಮಡಿಕೆ!"

ಅಧಿಕಾರಿಗೆ ಅರ್ಥ ಮಾಡಿಸಲು ಪೊಲೀಸಿನವನು ಒಂದು ಖಾಲಿ ಕಾಗದ ಮಡಿಚಿ ತೋರಿಸಬೇಕಾಯಿತು. ಉದ್ದಕ್ಕೆ, ಆಮೇಲೆ ಅಡ್ಡಕ್ಕೆ. ಅಧಿಕಾರಿ ಆ ಕಾಗದ ತಿರುಗಿಸಿ ನೋಡಿ, "ಇದನ್ನ ನಮಗೆ ತರಬೇತಿಯಲ್ಲಿ ಇಷ್ಟು ಸುಲಭವಾಗಿ ಹೇಳಲಿಲ್ಲ" ಅಂದರು.

ಗಡಿಯಾರದವನು ಮರೆಯ ಹಿಂದೆ ಹೋದವನು ಬಹಳ ಹೊತ್ತು ಬರಲಿಲ್ಲ. ಗಡಿಯಾರದ ಕೆಲಸದವನು, ಎಲ್ಲವನ್ನೂ ಕಣ್ಣಿಗೆ ಹತ್ತಿರ ಹಿಡಿದು ನೋಡುವ ಚಾಳಿ. ಕೊನೆಗೆ ಬಂದ. ಮಡಿಚಿದ ಕಾಗದವನ್ನು ಎರಡು ಬೆರಳಲ್ಲಿ, ಚಿಕ್ಕ ಮುಳ್ಳು ಹಿಡಿಯುವ ಹಾಗೆ ಹಿಡಿದು ಡಬ್ಬಿಗೆ ಬಿಟ್ಟ.

ಈಗ ಇಸ್ತ್ರಿಯಕ್ಕನಿಗೆ ಹಿಂದಕ್ಕೆ ಹೋಗುವ ಕಾರಣವಿರಲಿಲ್ಲ. ಚೀಟಿ ಕೊಟ್ಟಳು. ಬೆರಳಿಗೆ ಶಾಯಿ ಹಚ್ಚಿದರು. ತಣ್ಣಗಿತ್ತು. ಮತಪತ್ರ ತೆಗೆದುಕೊಂಡು ರಟ್ಟಿನ ಮರೆಯ ಹಿಂದೆ ನಿಂತಳು. ಅಷ್ಟು ಜನರಿದ್ದ ಕೋಣೆಯಲ್ಲಿ ಆ ಮೂಲೆ ಒಂದೇ ಯಾರೂ ಇಲ್ಲದ್ದು. ಪ್ರತಿ ಸಲ ಹೀಗೆ ನಿಂತಾಗ ಹೊರಗೆ ಅವನು ಕಾಯುತ್ತಿರುತ್ತಾನೆ, ಬೇಗ ಮುಗಿಸಬೇಕು ಅನ್ನಿಸುತ್ತಿತ್ತು. ಈ ಸಲ ಅವಸರ ಇರಲಿಲ್ಲ. ಅವನು ಯಾವುದಕ್ಕೆ ಒತ್ತುತ್ತಿದ್ದನೋ ಅಂತ ಗುರುತುಗಳನ್ನು ಒಂದೊಂದಾಗಿ ನೋಡಿದಳು. ಏಣಿಗೋ, ಕೊಡೆಗೋ. ಗೊತ್ತಾಗಲಿಲ್ಲ. ಗೊತ್ತಾಗದೇ ಇರಲಿ ಅಂದುಕೊಂಡಳು. ತನ್ನದನ್ನು ತಾನು ಒತ್ತಿದಳು. ಉದ್ದಕ್ಕೆ ಮಡಿಚಿದಳು, ಉಗುರಿನಿಂದ ಗೆರೆ ಎಳೆದಳು. ಅಡ್ಡಕ್ಕೆ ಮಡಿಚಿದಳು. ಡಬ್ಬಿಗೆ ಹಾಕಿದಳು. ಒಳಗೆ ಬಿದ್ದ ಸದ್ದು ಕೇಳಲಿಲ್ಲ, ಅಷ್ಟು ತುಂಬಿತ್ತು.

ಅಂಗಡಿಗೆ ಬಂದರೆ ಬಾಗಿಲಲ್ಲಿ ಜಗಳ. ನಾದಿನಿ ಎದುರು ಮನೆಯ ಬಾಣಂತಿಗೆ ಅವಳ ಕೂಸಿನ ಬಟ್ಟೆ ಕೊಟ್ಟಿರಲಿಲ್ಲ.

"ನಾನು ಹಾಕಿದೀನಲ್ಲ, ನೋಡಿ ಬೆರಳು!"

"ನಿಮ್ಮದಲ್ಲಮ್ಮ, ಬಟ್ಟೆ ಯಾರದೋ ಅವರ ಬೆರಳು ಬೇಕು."

ಇಸ್ತ್ರಿಯಕ್ಕ ನಾದಿನಿಯನ್ನು ಪಕ್ಕಕ್ಕೆ ತಳ್ಳಿ ಬಟ್ಟೆ ಕೊಟ್ಟು ಕಳಿಸಿದಳು. ಹಿಂದೆಯೇ ಗಡಿಯಾರದವನು ಬಂದ. ಬಾಯಿ ಬಿಡದೆ ಬೆರಳು ಎತ್ತಿ ಹಿಡಿದ. ಈ ಸಲ ಸರಿಯಾದ ಬೆರಳು. ಅವಳು ಕೋಟು ಇಳಿಸಿ ಕೊಟ್ಟಳು. ಅಲ್ಲೇ ತೊಟ್ಟ. ತೋಳು ಹೋಯಿತು, ಬೆನ್ನು ಹೋಯಿತು. ಗುಂಡಿಗೂ ಕಾಜಾಕ್ಕೂ ನಡುವೆ ಒಂದು ಗೇಣು ಹೊಟ್ಟೆ ನಿಂತಿತ್ತು.

"ನೋಡು ತಂಗಿ, ಇಸ್ತ್ರಿ ಮಾಡಿ ಮಾಡಿ ನನ್ನ ಕೋಟು ಕುಗ್ಗಿಸಿಬಿಟ್ಟಿದಾನೆ."

"ಕೋಟು ಕುಗ್ಗಿಲ್ಲ" ಅಂದಳು ಇಸ್ತ್ರಿಯಕ್ಕ. "ಗುಂಡಿ ಸರಿಸಿಕೊಡ್ತೀನಿ, ಬಿಟ್ಟು ಹೋಗಿ."

"ಇಲ್ಲಿ ಬಿಡೋದಾ? ಇನ್ನೊಂದು ಐದು ವರ್ಷಾನಾ? ದೇವರಾಣೆ ಬಿಡಲ್ಲ."

ಉರಿಬಿಸಿಲಿನಲ್ಲಿ ಗುಂಡಿ ಹಾಕದ ಕೋಟು ತೊಟ್ಟು ಬೀದಿಯಲ್ಲಿ ಹೊರಟ. ಎದುರಿಗೆ ಸಿಕ್ಕವರಿಗೆಲ್ಲ ಬೆರಳು ತೋರಿಸಿ, "ಹಾಕಿದ್ರಾ? ಇನ್ನೂ ಇಲ್ವಾ? ಏನು ಜನರಪ್ಪ ನೀವು!" ಅಂತ ಬೈಯುತ್ತಾ ಹೋದ. ನಾದಿನಿ ಬಾಯಿಗೆ ಸೆರಗು ಒತ್ತಿ ನಕ್ಕಳು. ನಗುತ್ತಾ ಮತ್ತೆ ಅತ್ತಳು. ಇಸ್ತ್ರಿಯಕ್ಕ ಖಾಲಿ ಮೊಳೆ ನೋಡಿ, ಕೆಂಡ ಕೆದಕಿದಳು.

ಮತದಾನ ಮುಗಿಯಲು ಇನ್ನೂ ಅರ್ಧ ಗಂಟೆ ಇತ್ತು. ದೂರದ ಬೀದಿಯ ಗಿರಾಕಿಯೊಬ್ಬ ಸೈಕಲ್ ನಿಲ್ಲಿಸಿ ಒಳಗೆ ಇಣುಕಿದ. ವರ್ಷಕ್ಕೆ ನಾಲ್ಕು ಸಲ ಬರುವವನು. ಹಿಂದಿನ ವಾರ ಎರಡು ಅಂಗಿ ಕೊಟ್ಟು ಹೋಗಿದ್ದ. ಅವತ್ತೂ ಕೇಳಿದ್ದ, ಅವತ್ತೂ ಹೊರಗೆ ಹೋಗಿದಾರೆ ಅಂದಿದ್ದಳು.

"ಏನಕ್ಕ, ಇವತ್ತೂ ಇಸ್ತ್ರಿಯಣ್ಣ ಇಲ್ವಾ?"

ಇಸ್ತ್ರಿಯಕ್ಕ ಪೆಟ್ಟಿಗೆ ಎತ್ತಿ ಪಕ್ಕಕ್ಕಿಟ್ಟಳು. ಅವನ ಮುಖ ನೋಡಿದಳು.

"ಸತ್ತರು. ನಾಲ್ಕು ತಿಂಗಳಾಯ್ತು." ಅವನ ಎರಡು ಅಂಗಿ ತೆಗೆದು, ಕೊಡದೆ, ಕೈಯಲ್ಲೇ ಹಿಡಿದುಕೊಂಡಳು. "ಬೆರಳು ತೋರಿಸಿ."